ಏಳನೆಯ ಸ್ವಿಚ್ಚು

ಲಾರಿಯಿಂದ ಮೊದಲು ಇಳಿದದ್ದು ಸೋಫಾ.
ಬಾಗಿಲು ಅದನ್ನು ನೋಡಿತು, ಒಲ್ಲೆ ಅಂದಿತು.
ಅಡ್ಡ ಹಿಡಿದು, ನೆಟ್ಟಗೆ ಹಿಡಿದು, ಕಾಲು ಬಿಚ್ಚಿ,
ಕೊನೆಗೆ ಜಗಲಿಯಲ್ಲೇ ಕೂತಿತು
ಹೆಣ್ಣು ನೋಡಲು ಬಂದವರ ಹಾಗೆ, ಕಾಫಿ ಕಾಯುತ್ತ.

ಜೆಪ್ಪುವಿನ ಈ ಮನೆಯಲ್ಲಿ ಅಡುಗೆಕೋಣೆಗೆ ಮೂಲೆ ಐದು.
ಮಲಗಲು ಹೋಗುವಾಗ ಒಂದು ಮೆಟ್ಟಿಲು ಇಳಿಯಬೇಕು.
ಯಾಕೆಂದು ಕೇಳಿದರೆ ಬ್ರೋಕರ್ ಗಿಲ್ಬರ್ಟ್
"ತಂಪಿಗೆ" ಅಂದ.
ಕಿಟಕಿಯೊಂದು ಸೀದಾ ಗೋಡೆಗೆ ತೆರೆಯುತ್ತದೆ.
ಅದೂ ತಂಪಿಗೇ ಅಂತೆ.

ನಾಲ್ಕು ಸೊನ್ನೆ ಮೂರರಲ್ಲಿ, ಹನ್ನೊಂದು ವರ್ಷ,
ಬಿದ್ದದ್ದು ಬಿದ್ದಲ್ಲೇ ಇರುತ್ತಿತ್ತು.
ಇಲ್ಲಿ ಕೈತಪ್ಪಿದ ಈರುಳ್ಳಿ
ಕೆಂಪು ನೆಲದ ಮೇಲೆ ತಾನೇ ದಾರಿ ಹಿಡಿದು
ಹಿತ್ತಿಲ ಬಾಗಿಲಿನವರೆಗೆ ಹೋಗುತ್ತದೆ.
ಕಳೆದದ್ದನ್ನೆಲ್ಲ ಈಗ ಅಲ್ಲೇ ಹುಡುಕುತ್ತೇವೆ:
ಮಾತ್ರೆ, ಬಟನ್ನು, ಹರಿಣಾಕ್ಷನ ಪೆನ್ನಿನ ಮುಚ್ಚಳ.

ಮಾಡಿನಲ್ಲಿ ಒಂದು ಗಾಜಿನ ಹಂಚು.
ಹತ್ತಕ್ಕೆ ಬಿಸಿಲಿನ ಚೌಕ ಅಕ್ಕಿ ಡಬ್ಬದ ಮೇಲೆ,
ಹನ್ನೊಂದಕ್ಕೆ ನನ್ನ ಪಾದದ ಮೇಲೆ.
ಗಡಿಯಾರದ ಮೊಳೆ ಈ ಗೋಡೆಗೆ ಇಳಿಯಲೇ ಇಲ್ಲ.
ಎರಡು ಬಾಗಿದವು. ಬಿಟ್ಟೆವು.

ರಾತ್ರಿ ಅಟ್ಟದಲ್ಲಿ ಯಾರೋ ನಡೆದರು.
"ಬೆಕ್ಕು" ಅಂದ ಹರಿಣಾಕ್ಷ.
ಬೆಕ್ಕು ಅವನ ಕಾಲ ಬುಡದಲ್ಲೇ ಮಲಗಿತ್ತು.

ಮರದ ಹಲಗೆಯಲ್ಲಿ ಏಳು ಕರಿ ಸ್ವಿಚ್ಚು.
ಎರಡನೆಯದು ಬಚ್ಚಲಿಗೆ, ಐದನೆಯದು ಗೇಟಿಗೆ,
ಹೀಗೆ ಆರರ ಗುಣ ತಿಳಿಯಿತು.
ಏಳನೆಯದು ಒತ್ತಿದರೆ ಎಂತದೂ ಇಲ್ಲ.
ಆದರೂ ಹೋಗುತ್ತ ಬರುತ್ತ ಒತ್ತಿದೆ,
ತುರಿಕೆಯ ಹಾಗೆ.

ಹದಿನೈದನೆಯ ದಿನ ಕಂಪೌಂಡಿನ ಆಚೆಯಿಂದ ಒಂದು ಬಿಳಿ ತಲೆ,
ಸೆವ್ರಿನ್ ಬಾಯಿ.
"ಎಂತ ಮಾರಾಯ್ತಿ, ನಮ್ಮ ಬಾವಿಯ ಲೈಟು
ಕಣ್ಣು ಹೊಡೆದ ಹಾಗೆ ಮಾಡುವುದು?
ಮೀನಿನವಳು ಬುಟ್ಟಿ ಬಿಟ್ಟು ಓಡಿದಳು."

ಎರಡೂ ಒಂದೇ ಮನೆಯಾಗಿತ್ತಂತೆ, ಪಾಲಾಗುವ ಮೊದಲು.
ಕಿಟಕಿಯ ಎದುರಿಗೆ ಗೋಡೆ ಬಂತು,
ತಂತಿ ತುಂಡು ಮಾಡಲು ಮರೆತರು.
ನಲುವತ್ತು ವರ್ಷ ಈ ಕಡೆಯವರು ಒತ್ತಲಿಲ್ಲ.
"ಬಲ್ಬು ನಾನು ತೆಗೆಯಲೂ ಇಲ್ಲ."

ನಾಳೆಯೇ ತೆಗೆಸುತ್ತೇನೆ ಅಂದೆ.
"ತೆಗೆಸುವುದು ಯಾಕೆ? ಬೆಳಿಗ್ಗೆ ಐದಕ್ಕೆ ಒಮ್ಮೆ ಹಾಕು.
ಕತ್ತಲಲ್ಲಿ ಕಟ್ಟೆ ಜಾರುತ್ತದೆ ನನಗೆ."

ಈಗ ಐದಕ್ಕೆ ಅಲಾರಾಂ.
ಕರೆಂಟು ಬಿಲ್ಲು ನಮ್ಮದು ಅಂತ ಗೊಣಗಿ
ಹರಿಣಾಕ್ಷ ಮಗ್ಗುಲಾಗುತ್ತಾನೆ.
ಮೆಟ್ಟಿಲು ಮರೆತು ಎಡವುತ್ತೇನೆ, ಏಳನೆಯದು ಒತ್ತುತ್ತೇನೆ,
ಅಲ್ಲೇ ನಿಲ್ಲುತ್ತೇನೆ,
ಗೋಡೆಯಾಚೆ ರಾಟೆ ಕಿರುಗುಟ್ಟುವವರೆಗೆ.