ಕಿವಿ ಕಾಣಬೇಕು

ಲೆಕ್ಕ ಚುಕ್ತಾ ಮಾಡಿ ಮನಿಲಾಕ್ಕೆ ಹೊರಟ ರೊಹೆಲಿಯೊ
ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಮಡಚುವ ಮಂಚದ ಜೊತೆ
ಕ್ಯಾಮೆರಾವನ್ನೂ ಮಾರಿದ. ನಲವತ್ತು ರಿಯಾಲ್.
ಮಂಚ ಕೊಳ್ಳಲು ಹೋದವನು ನಾನು.
ಬಾಗಿಲಲ್ಲೇ ನಿಂತು ಝುಲೇಖಾ ಕೇಳಿದಳು:
ಇದರ ಮೇಲೆ ಮಲಗುವುದು ಯಾರು?

ಕಣ್ಣಿನ ಪಾಪೆಯಂತೆ ಅದಕ್ಕೂ ಒಂದು ತೂತು.
ಸಂಖ್ಯೆ ಚಿಕ್ಕದಾದರೆ ತೂತು ದೊಡ್ಡದು.
ರೂವಿಯ ಟಯರ್ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ
ಜಮೆ ಖರ್ಚು ಬರೆದ ತಲೆಗೆ
ಈ ಉಲ್ಟಾ ಲೆಕ್ಕ ಹತ್ತಲು ಇಡೀ ಒಂದು ರಮಝಾನ್ ಬೇಕಾಯಿತು.

ಮೊದಲ ಚಿತ್ರಗಳಲ್ಲಿ
ಹಿಂದಿನ ಫ್ರಿಜ್ಜು ಸ್ಪಷ್ಟ, ಮುಂದಿನ ಮಗಳು ಮಂಜು.
ಫ್ರಿಜ್ಜಿಗೆ ಅಂಟಿಸಿದ ಗ್ಯಾಸಿನವನ ನಂಬರು ಓದಬಹುದು,
ನಫ್ಲಾಳ ಬಿದ್ದ ಹಲ್ಲಿನ ಜಾಗ ಮಾತ್ರ ಎಲ್ಲಿಯೂ ಇಲ್ಲ.

ಸ್ಟುಡಿಯೋದ ಮೊಯ್ದಿನಾಕ ಒಂದೊಂದೇ ನೋಡಿ ಅಂದರು:
ಮುಖ ಬಿಡು ಮಾರಾಯ,
ಕ್ಯಾಮೆರಾ ಕಂಡರೆ ಮುಖ ಸುಳ್ಳು ಹೇಳ್ತದೆ.
ಕೈಗೆ ಆ ಅಭ್ಯಾಸ ಇಲ್ಲ.

ಉಸಿರು ಬಿಗಿಹಿಡಿದು, ಮೊಣಕೈ ಗೋಡೆಗೆ ಊರಿ,
ಅಡುಗೆಮನೆಯ ಮಂಕು ಟ್ಯೂಬ್‌ಲೈಟಿನಲ್ಲಿ
ಅವಳ ಅಂಗೈ ಅಕ್ಕಿರೊಟ್ಟಿಯ ಮೇಲೆ ಬಿದ್ದೇಳುವ ಹೊತ್ತಿಗೆ
ಒತ್ತಿದೆ.
ರೊಟ್ಟಿ ನಿಂತಿದೆ, ಕೈ ಹೊಗೆಯಾಗಿದೆ.
ತಪ್ಪೆಂದು ಅಳಿಸಹೊರಟರೆ
ಹಿಟ್ಟಿನ ಬೆರಳಲ್ಲೇ ತಡೆದಳು: ಇರಲಿ,
ನನಗೂ ದಿನಾ ಹೀಗೇ ಕಾಣುವುದು.

ಇಲ್ಲಿಯ ಬೆಳಕಿಗೆ ದಾಕ್ಷಿಣ್ಯವಿಲ್ಲ.
ಹನ್ನೊಂದಕ್ಕೆ ಬೋಳು ಬೆಟ್ಟವೂ ಬಿಳಿಚಿಕೊಳ್ಳುತ್ತದೆ.
ಸಂಜೆ ಮಾತ್ರ, ಎದುರು ಕಟ್ಟಡದ ನೀಲಿ ಗಾಜಿಗೆ ಬಡಿದು
ನಮ್ಮ ಬಾಲ್ಕನಿಗೆ ಏಳು ನಿಮಿಷ ಕೈಗಡ ಬಿಸಿಲು:
ಒಣಗಿದ ಯೂನಿಫಾರ್ಮು, ಏಸಿ ತೊಟ್ಟಿಕ್ಕುವ ಬಕೆಟ್ಟು,
ಬಕೆಟ್ಟಿಗೆ ಬಾಗಿ ದೋಣಿ ಬಿಡುವ ಇಶಾಮನ ಕತ್ತು.
ಶುಕ್ರವಾರವಷ್ಟೇ ನನಗಿದು ಸಿಗುವುದು.
ಉಳಿದ ಆರು ಸಂಜೆ ಆ ಕತ್ತು ಏನು ಮಾಡುತ್ತದೋ.

ಏಪ್ರಿಲಿನಲ್ಲಿ ಇಶಾಮನ ಪಾಸ್‌ಪೋರ್ಟು ಮುಗಿಯಿತು.
ಸ್ಟುಡಿಯೋ ಯಾಕೆ, ನಾನಿಲ್ಲವೇ ಎಂದು ಜಂಬ.
ಬಾಗಿಲಿಗೆ ಬಿಳಿ ಚಾದರ, ಅದರ ಮುಂದೆ ಸ್ಟೂಲು.
ನಿಯಮ ಓದಿ ಹೇಳಿದೆ: ನಗಬಾರದು, ಹಲ್ಲು ಕಾಣಬಾರದು,
ಎರಡೂ ಕಿವಿ ಕಾಣಬೇಕು, ನೆರಳು ಬೀಳಬಾರದು.
ನಗಬಾರದು ಎಂದ ಮೇಲೆ
ಯಾವ ಒಂಬತ್ತು ವರ್ಷದವನು ತಡೆದಾನು?
ನಫ್ಲಾ ನನ್ನ ಬೆನ್ನ ಹಿಂದೆ ಒಂಟೆಯ ತುಟಿ ಮಾಡಿದಳು.
ಚಾದರ ಕಳಚಿತು. ಗದರಲು ಬಂದ ಝುಲೇಖಾ
ಬಂದ ಕೆಲಸ ಮರೆತು ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಳು.
ನಲವತ್ತು ಚಿತ್ರ ನಗೆಗೇ ಹೋಯಿತು.
ನಲವತ್ತೊಂದನೆಯದು ಹಸಿವೆಯ ಪುಣ್ಯ,
ಹುಡುಗ ಗಂಭೀರನಾದ.

ಕಚೇರಿಯವರು ಅದನ್ನೂ ಒಪ್ಪಲಿಲ್ಲ.
ಎಡಗಿವಿಯ ಪಕ್ಕ ನೆರಳಿದೆಯಂತೆ.
ಮೊಯ್ದಿನಾಕ ಎರಡು ನಿಮಿಷದಲ್ಲಿ ಮುಗಿಸಿ
ಎರಡು ರಿಯಾಲ್ ತೆಗೆದುಕೊಂಡರು, ಏನೂ ಅನ್ನಲಿಲ್ಲ.
ಇನ್ನು ಐದು ವರ್ಷ ವಿಮಾನ ನಿಲ್ದಾಣಗಳೆಲ್ಲ
ಆ ಪೆಚ್ಚು ಮುಖವನ್ನೇ ನನ್ನ ಮಗನೆಂದು ನಂಬಬೇಕು.

ರಾತ್ರಿ, ಎಲ್ಲರೂ ಮಲಗಿದ ಮೇಲೆ
ತಿರಸ್ಕೃತವಾದದ್ದನ್ನು ದೊಡ್ಡದು ಮಾಡಿ ನೋಡಿದೆ.
ನೆರಳು ಕಿವಿಯದಲ್ಲ.
ಕಿಟಕಿಗೆ ಅಡ್ಡ ನಿಂತ ನನ್ನ ಭುಜದ್ದು.
ಸಾವಿರದ ಇನ್ನೂರು ಚಿತ್ರಗಳಲ್ಲಿ
ನಾನಿರುವುದು ಅದೊಂದರಲ್ಲಿ.

ಬರುವ ಶುಕ್ರವಾರ ಕುರುಮ್ ಕಡಲಿಗೆ ಹೋಗುವುದೆಂದಾಗಿದೆ.
ಅಲ್ಲಿಗಾದರೂ ಅದನ್ನು ತರಬೇಡಿ,
ಸ್ವಲ್ಪ ನಮ್ಮ ಜೊತೆ ಕುಳಿತುಕೊಳ್ಳಿ, ಅಂದಿದ್ದಾಳೆ ಝುಲೇಖಾ.
ಬ್ಯಾಟರಿಯನ್ನು ಮಾತ್ರ
ನೆನಪಿಟ್ಟು ಅವಳೇ ಚಾರ್ಜಿಗೆ ಹಾಕಿದ್ದಾಳೆ.