ಸೇರಿದ ದಿನಾಂಕ

ಕಾನೂನು ಬದಲಾಗಿದೆ, ಎಂದ ವಿರಾಜಪೇಟೆಯ ಆಡಿಟರ್ ನಾಣಯ್ಯ,
ಹಳೆಯವು ಎಷ್ಟೋ ಸೇರಿ ಈಗ ನಾಲ್ಕೇ ಸಂಹಿತೆ.
ಬಾಯಿಮಾತು ಇನ್ನು ನಡೆಯದು, ಒಬ್ಬೊಬ್ಬರಿಗೂ ನೇಮಕಾತಿ ಪತ್ರ,
ನಲವತ್ತು ದಾಟಿದವರಿಗೆ ವರ್ಷಕ್ಕೊಮ್ಮೆ ಡಾಕ್ಟರು,
ಬಿಟ್ಟು ಹೋದವರ ಬಾಕಿ ಎರಡೇ ದಿನದಲ್ಲಿ.
ಎರಡೇ ದಿನ! ನನ್ನ ಕಾಫಿಯ ದುಡ್ಡಿಗೆ
ಕ್ಯೂರಿಂಗಿನವನು ಎರಡು ತಿಂಗಳು ಸತಾಯಿಸುತ್ತಾನೆ.

ಅಂತೂ ಶನಿವಾರ ಸಂಜೆ, ಬಟವಾಡೆ ಮುಗಿದ ಮೇಲೆ
ಕಣದ ಅಂಚಿಗೆ ಮೇಜು ಹಾಕಿ ಕೂತೆ.
ನಾಳೆ ಅಮ್ಮತ್ತಿ ಸಂತೆ, ಎಲ್ಲರಿಗೂ ಅವಸರ.
ರೈಟರ್ ಹಂಸಾಕ ಚೆಕ್‌ರೋಲ್ ಓದಿದರು:
ಬೊಳ್ಳಿ ಎರಡು.

ನಮ್ಮ ಪುಸ್ತಕದಲ್ಲಿ ಅವಳು ಯಾವಾಗಲೂ ಹಾಗೇ.
ಬೊಳ್ಳಿ ಒಂದು ಆನೆಗೆ ಸಿಕ್ಕು ಹನ್ನೊಂದು ವರ್ಷ.
ಇವಳಿಗೆ ಬಡ್ತಿ ಸಿಕ್ಕಿಲ್ಲ.

ಸೇರಿದ ದಿನಾಂಕ? ಎಂದೆ, ಪೆನ್ನು ಬಿಚ್ಚಿ.
ಹೋದ ಏಪ್ರಿಲ್ ಒಂದು ಅಂತ ಬರೆದುಬಿಡಿ, ಎಂದಿದ್ದ ನಾಣಯ್ಯ,
ಎಲ್ಲರಿಗೂ ಒಂದೇ ತಾರೀಕು, ಲೆಕ್ಕಕ್ಕೆ ಸಲೀಸು.
ಗ್ರಾಚ್ಯುಟಿ ಎಂದರೆ ವರ್ಷಕ್ಕೆ ಹದಿನೈದು ದಿನದ ಕೂಲಿ,
ವರ್ಷ ಎಷ್ಟೆಂದು ಬರೆಯುವವರು ನೀವೇ ತಾನೆ.

ಬೊಳ್ಳಿ ಕಾಗದದ ಕಡೆ ನೋಡಲಿಲ್ಲ.
ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ
‘ಕೆರೆಗೆ ಕಲ್ಲು ಕಟ್ಟಿದ ವರ್ಷ’ ಎಂದಳು.
‘ನಿಮಗಿನ್ನೂ ಹಲ್ಲು ಬಂದಿರಲಿಲ್ಲ.
ಗಂಜಿ ಕುಡಿಸಲು ನಿಮ್ಮವ್ವ ನನ್ನ ಕರೆಯುತ್ತಿದ್ದರು.
ಆ ದಿನ ಅರ್ಧ ಕೂಲಿ.’

ನಿನಗೆ ಆಗ ವಯಸ್ಸೆಷ್ಟು?
‘ಬುಟ್ಟಿಯಷ್ಟು.’

ಟಾರ್ಚು ಹಿಡಿದು ಕೆರೆಗೆ ಇಳಿದೆ, ಯಾಕೆಂದು ಗೊತ್ತಿಲ್ಲ.
ತೂಬಿನ ಕಲ್ಲಿನ ಪಾಚಿ ಕತ್ತಿಯಲ್ಲಿ ಕೆರೆದೆ.
ಮೊದಲು ಅಪ್ಪನ ಹೆಸರು ಬಂತು,
ಅದರ ಕೆಳಗೆ, ಎರಡನೇ ಸಲ ಕೆರೆದ ಮೇಲೆ, ೧೯೭೨.
ಐವತ್ನಾಲ್ಕು ಹದಿನೈದಲೆ
ಎಂಟುನೂರ ಹತ್ತು ದಿನ.
ಹಿಂದೆ ಬರುವಾಗ ದಾರಿಯಲ್ಲಿ ಇನ್ನೊಮ್ಮೆ ಗುಣಿಸಿದೆ, ಕಡಿಮೆಯಾಗಲಿಲ್ಲ.
ಆ ಇಸವಿ ಬರೆದರೆ
ಬುಟ್ಟಿಯಷ್ಟು ಎತ್ತರದವಳನ್ನು ಕೆಲಸಕ್ಕೆ ಹಚ್ಚಿದ್ದಕ್ಕೆ
ನನ್ನದೇ ಕೈಬರಹದ ಸಾಕ್ಷಿ.

ಬರೆದೆ.
ಹೆಸರಿನ ಜಾಗದಲ್ಲಿ ಬರೀ ಬೊಳ್ಳಿ ಎಂದು ಬರೆದೆ,
ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಹಂಸಾಕ ಗಟ್ಟಿಯಾಗಿ ಓದಿದರು.
ಶಾಯಿ ಹಚ್ಚಿದ ಹೆಬ್ಬೆಟ್ಟನ್ನು ಗಾಳಿಯಲ್ಲೇ ನಿಲ್ಲಿಸಿ
‘ಎರಡು ಎಲ್ಲಿ?’ ಎಂದಳು.

ಇನ್ನು ಅದು ಬೇಡ ಬೊಳ್ಳಿ, ಒಂದು ಇಲ್ಲವಲ್ಲ.

‘ಅವಳ ಮಗ ಇದ್ದಾನೆ. ಬರೀ ಬೊಳ್ಳಿ ಅಂದರೆ
ನಮ್ಮವ್ವನದು ಅಂತ ಬಂದು ನಿಲ್ಲುತ್ತಾನೆ.
ಅವಳದೂ ಬಾಕಿ ಇದೆಯಲ್ಲ.’

ಎರಡು ಸೇರಿಸಿದೆ. ಅವಳು ಒತ್ತಿದಳು,
ಗೆರೆಯೇ ಇಲ್ಲದ ಒಂದು ನೀಲಿ ಬೊಟ್ಟು.
ಮೇಜಿನ ಮೇಲೆ ಒಂದು ಖಾಲಿ ಫಾರಂ ಉಳಿದಿತ್ತು.
ಗಾಳಿಗೆ ಹಾರದಂತೆ ಹಂಸಾಕ ಅದರ ಮೇಲೆ
ಬಟವಾಡೆಯ ಚಿಲ್ಲರೆ ಇಟ್ಟರು.