ಕಂದುಗಳ ಎಣಿಕೆ

ಟೇಪಿನ ಒಂದು ತುದಿ ಡೆಲ್ಫಾಳ ಬೆಲ್ಟಿಗೆ,
ಇನ್ನೊಂದು, ಕುರಿ ಮಲಗಿದ ಹೊತ್ತೆಂದು
ಸುಮ್ಮನೆ ನೋಡಲು ಬಂದ ಎಲ್ಮೆರನ ಬೆರಳಿಗೆ.
ನೆವಾಡದ ಈಶಾನ್ಯ ಮೂಲೆ, ಜುಲೈ.
ಕೆಳಗೆಲ್ಲ ಸೇಜ್ ಪೊದೆಯ ಬೂದು.
ಹಿಮ ತಡವಾಗಿ ಕರಗುವ ಈ ಕೊರಕಲಲ್ಲಷ್ಟೇ
ಹತ್ತು ಎಕರೆ ಹಸುರು, ಬಿಳಿಯ ಕಾಲುಗಳ ಮೇಲೆ.

ಅವಳು ಬಗ್ಗಿ ನೋಡಿ ಹೇಳುತ್ತಾಳೆ, ಬರೆದುಕೊಳ್ಳುತ್ತಾಳೆ:
ಮೀಡೋ ರೂ, ನೂರಕ್ಕೆ ನಲವತ್ತು.
ಕೊಲಂಬೈನ್, ಆರು.
ಲಾರ್ಕ್‌ಸ್ಪರ್, ಒಂಬತ್ತು. ದನಕ್ಕೆ ವಿಷ, ಕುರಿಗೆ ಅಷ್ಟೇನಿಲ್ಲ,
ಅದು ಎಲ್ಮೆರನಿಗೂ ಗೊತ್ತು.
ಫರ್ ಸಸಿ, ಮೊಣಕಾಲೆತ್ತರ, ಮೂರು.
ಮೂರರ ಮೇಲೆ ಪೆನ್ಸಿಲ್ ಎರಡು ಸಲ ಓಡುತ್ತದೆ.
ಆಸ್ಪೆನ್ ನೆರಳಲ್ಲಿ ಹುಟ್ಟಿ, ಅದರ ಎಲೆಗೊಬ್ಬರ ಉಂಡು,
ಆಮೇಲೆ ಅದರ ಆಕಾಶವನ್ನೇ ಮುಚ್ಚುವ ಜಾತಿ.

ಆಸ್ಪೆನ್: ಮರ ಇಪ್ಪತ್ತೇಳು.
ಕಂದು: ಸೊನ್ನೆ.

ಬಾಳೆಯ ಬುಡದ ಮಾತನ್ನು ಇಲ್ಲಿಗೆ ಎರವಲು ತಂದೆ,
ಬೇರೆ ಪದ ಹೊಂದಲಿಲ್ಲ.
ನೆಲದಡಿ ಒಂದೇ ಬೇರು, ಮೇಲೆ ಇಪ್ಪತ್ತೇಳು ಮೈ,
ಒಂದೇ ದಿನ ಚಿಗುರಿ ಒಂದೇ ವಾರ ಹಳದಿಯಾಗುವವು.
ನೆತ್ತಿಯಿಂದ ಇಳಿಯುವ ರಸ ಬೇರಿಗೆ ದಿನವೂ ಹೇಳುತ್ತದೆ,
ಇನ್ನೂ ನಾನಿದ್ದೇನೆ, ನೀನು ಸುಮ್ಮನಿರು.
ಅದನ್ನೂ ಮೀರಿ ಅಲ್ಲೊಂದು ಇಲ್ಲೊಂದು ಕಂದು ತಲೆಯೆತ್ತಿದರೆ
ಎಲ್ಕ್ ಬರುತ್ತದೆ. ಕುರಿ ಬರುತ್ತದೆ.
ನೆಲದ ಮಟ್ಟಕ್ಕೆ ಕಡಿದ ತುದಿಯೊಂದನ್ನು ಡೆಲ್ಫಾ ತೋರಿಸುತ್ತಾಳೆ.
"ನನ್ನವೇ," ಎನ್ನುತ್ತಾನೆ ಎಲ್ಮೆರ್, ಹಲ್ಲಿನ ಗುರುತು ನೋಡಿ.
"ಒಂದಷ್ಟು," ಎನ್ನುತ್ತಾಳೆ ಅವಳು.

ಗಾಳಿಯೇ ಇಲ್ಲ ಅನ್ನಿಸುವ ಮಧ್ಯಾಹ್ನ.
ಆದರೂ ಮೇಲೆ ಎಲೆಗಳಿಗೆ ಪುರುಸೊತ್ತಿಲ್ಲ.
ತೊಟ್ಟು ಚಪ್ಪಟೆ, ಅಷ್ಟೇ ಕಾರಣ.

ಇಪ್ಪತ್ತೇಳನೆಯ ಮರದ ಎದೆಯಲ್ಲಿ ಅಕ್ಷರ:
ಬೆಟ್ಟಿರಿ, 1931.
ಕೆಳಗೊಂದು ಮನೆ, ಬಾಗಿಲು ದೊಡ್ಡದು, ಕಿಟಕಿಯಿಲ್ಲ.
ಸಮುದ್ರದಾಚೆಯ ಬಾಸ್ಕ್ ಹುಡುಗನೊಬ್ಬ
ಇದೇ ಇಳಿಜಾರಲ್ಲಿ ಇನ್ಯಾರದೋ ಕುರಿ ಕಾಯುತ್ತ
ಚಾಕುವಿನ ಮೊನೆಯಲ್ಲಿ ಕೂದಲೆಳೆಯಷ್ಟು ಗೀಚಿದ್ದು.
ಗೀಚಿದ ದಿನ ಏನೂ ಕಾಣುವುದಿಲ್ಲ.
ಗಾಯ ಕಪ್ಪಾಗಿ ಉಬ್ಬಿ ಬರಲು ವರ್ಷಗಳು ಬೇಕು,
ಬರೆದವನು ತಾನು ಬರೆದದ್ದನ್ನು ಓದಿದನೋ ಇಲ್ಲವೋ.
ಎಲ್ಮೆರ್ ಮನೆಯ ಬಾಗಿಲನ್ನು ಹೆಬ್ಬೆರಳಿಂದ ಮುಟ್ಟುತ್ತಾನೆ.
ಅವನ ಊರು ಪೆರುವಿನಲ್ಲಿ, ಇನ್ನೂ ಎತ್ತರದಲ್ಲಿ,
ಕರಾರು ಮುಗಿಯಲು ಹದಿನಾಲ್ಕು ತಿಂಗಳು.

ಡೆಲ್ಫಾ ಚೀಲದಿಂದ ಕಿತ್ತಳೆ ಬಣ್ಣದ ಪಟ್ಟಿ ತೆಗೆಯುತ್ತಾಳೆ.
ಉಪಾಯ ಒಂದೇ, ಹೇಳಲು ಅವಳಿಗೂ ಇಷ್ಟವಿಲ್ಲ:
ಮುದಿಮರಗಳನ್ನು ಬೀಳಿಸಬೇಕು, ಇಲ್ಲ ಸುಡಬೇಕು.
ಮೇಲಿನ ಮಾತು ನಿಂತ ಮೊದಲ ಬೇಸಗೆಯಲ್ಲೇ
ಬೇರು ಸಾವಿರ ಕಡೆ ಒಡೆದು ಮೇಲೇಳುತ್ತದೆ.
ಸುತ್ತ ಬೇಲಿ, ಎಂಟು ವರ್ಷ.
"ಕುರಿ?" "ಆಚೆ ಕಣಿವೆಗೆ."
ಅವನು ಆಚೆ ಕಣಿವೆ ನೋಡುತ್ತಾನೆ. ಅಲ್ಲಿ ನೀರು ದೂರ.

ಇಪ್ಪತ್ತಾರು ಮರಕ್ಕೆ ಪಟ್ಟಿ ಬಿತ್ತು.
ಇಪ್ಪತ್ತೇಳನೆಯದರ ಮುಂದೆ ಅವಳು ನಿಂತೇ ಇದ್ದಾಳೆ.
ಬುಡದಲ್ಲಿ ಗೊರಸಿನಂಥ ಅಣಬೆ, ಒಳಗೆ ಟೊಳ್ಳು,
ಕಡಿಯದಿದ್ದರೂ ಇನ್ನೆಷ್ಟು ಚಳಿಗಾಲ.

"ಬೇರಿಗೆ ಓದು ಬರುತ್ತಾ?" ಕೇಳಿದ ಎಲ್ಮೆರ್,
ತಮಾಷೆಗೋ ಏನೋ.
ಪಟ್ಟಿ ಅವಳ ಕೈಯಿಂದ ತಾನೇ ತೆಗೆದುಕೊಂಡು
ಅಕ್ಷರ ಮುಚ್ಚದ ಹಾಗೆ, ಒಂದು ಗೇಣು ಮೇಲೆ ಕಟ್ಟಿದ.

ತೊಗಟೆಯ ಬಿಳಿಹಿಟ್ಟು ಅಂಗೈಗೆ ಅಂಟಿತ್ತು.
ಬಿಸಿಲಿಗೆ ಒಳ್ಳೆಯದಂತೆ, ಅಂದಳು ಅವಳು.
ಮೂಗಿಗೆ, ಕೆನ್ನೆಗೆ ಸವರಿಕೊಂಡು
ಇಳಿಜಾರು ಇಳಿದ.
ಕುರಿಗಳು ಎದ್ದಿದ್ದವು.